ಅಂಗಿ ಎತ್ತಿ ನೋಡಿ, ಉಸಿರು ಎಣಿಸಿ

"ಎದಿ ಗೊರಗೊರ ಅಂತೈತ್ರೀ ಡಾಕ್ಟ್ರೇ, ಕಫ ಕಟ್ಟೈತಿ." ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರ್ ಆಗಿ ನಾನು ದಿನಾ ಕೇಳುವ ಮಾತು ಇದು. ಗೊರಗೊರ ಅನ್ನುವ ಎಲ್ಲ ಮಕ್ಕಳನ್ನೂ ಅಡ್ಮಿಟ್ ಮಾಡಬೇಕಾಗಿಲ್ಲ. ಆದರೆ ಸದ್ದೇ ಇಲ್ಲದೆ ಸುಮ್ನೆ ಮಲಗಿದ ಕೂಸಿಗೆ ಕೆಲವೊಮ್ಮೆ ಆ ಕ್ಷಣವೇ ಆಕ್ಸಿಜನ್ ಹಾಕಬೇಕಾಗುತ್ತದೆ.

ಜಗಳೂರು ಕಡೆಯ ಅಜ್ಜಿಯೊಬ್ಬರು ಮೂರು ತಿಂಗಳ ಮೊಮ್ಮಗನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದಿದ್ದರು. "ಜ್ವರ ಇಲ್ರೀ, ಬರೀ ನೆಗಡಿ. ನಿನ್ನೆಯಿಂದ ಹಾಲು ಕುಡೀವಲ್ದು" ಅಂದರು. ಅಂಗಿ ಎತ್ತಿದೆ. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಎಣಿಸಿದರೆ ನಿಮಿಷಕ್ಕೆ 72 ಉಸಿರು. ಜ್ವರ ಇಲ್ಲವಲ್ಲ ಅಂತ ಮನೆಯವರು ಎರಡು ದಿನ ಧೈರ್ಯವಾಗಿದ್ದರು.

ಈ ಎಣಿಕೆಯನ್ನು ಯಾವ ತಾಯಿ ಬೇಕಾದರೂ ಮಾಡಬಹುದು. ಮಗು ಅಳದೆ ಇರುವಾಗ ಅಥವಾ ಮಲಗಿದಾಗ ಹೊಟ್ಟೆ ಕಾಣುವಂತೆ ಅಂಗಿ ಎತ್ತಿ. ಮೊಬೈಲ್‌ನಲ್ಲಿ ಒಂದು ನಿಮಿಷ ಇಟ್ಟುಕೊಂಡು, ಹೊಟ್ಟೆ ಎಷ್ಟು ಸಲ ಏರುತ್ತದೆ ಎಣಿಸಿ. ಪೂರ್ತಿ ಒಂದು ನಿಮಿಷ ಎಣಿಸಬೇಕು, ಯಾಕೆಂದರೆ ಎಳೆಕೂಸಿನ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ ಎಣಿಸುತ್ತ ಕೂರಬೇಡಿ. ನೇರ ಆಸ್ಪತ್ರೆಗೆ ಹೊರಡಿ.

ಆ ಕೂಸಿಗೆ ಇದ್ದದ್ದು ಬ್ರಾಂಕಿಯೋಲೈಟಿಸ್, ಅಂದರೆ ಶ್ವಾಸನಾಳದ ಸಣ್ಣ ಕವಲುಗಳ ಊತ. ಹೆಚ್ಚಾಗಿ ಆರ್‌ಎಸ್‌ವಿ ಎಂಬ ವೈರಸ್‌ನಿಂದ ಬರುತ್ತದೆ. ಬಹುತೇಕ ದೊಡ್ಡವರಿಗೆ ಅದು ಬರೀ ನೆಗಡಿ. ಎಳೆಕೂಸಿನ ಶ್ವಾಸನಾಳದ ಕೊನೆಯ ಕವಲುಗಳು ತೀರಾ ಸಣ್ಣವು. ಒಳಗೆ ಚೂರು ಊತ, ಚೂರು ಲೋಳೆ ಸೇರಿದರೂ ಸಾಕು, ದಾರಿ ಕಟ್ಟುತ್ತದೆ. ಸಾಮಾನ್ಯವಾಗಿ ಮೂರರಿಂದ ಐದನೇ ದಿನದಲ್ಲಿ ಕಷ್ಟ ಜಾಸ್ತಿ. ಮೊದಲ ದಿನ "ಏನೂ ಇಲ್ಲ" ಅಂದ ಡಾಕ್ಟರ್ ಅವತ್ತಿನ ಮಟ್ಟಿಗೆ ಸರಿಯಾಗಿಯೇ ಹೇಳಿರುತ್ತಾರೆ. ಡಾಕ್ಟರನ್ನು ಬದಲಿಸುವುದಕ್ಕಿಂತ ಅದೇ ಡಾಕ್ಟರಿಗೆ ಮತ್ತೆ ತೋರಿಸಿ.

"ಮೂರು ದಿನ ಆಯ್ತು, ಒಂದು ಇಂಜೆಕ್ಷನ್ನೂ ಕೊಟ್ಟಿಲ್ಲ" ಅಂತ ವಾರ್ಡಿನಲ್ಲಿ ಬೇಜಾರಾಗುವವರಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆಂಟಿಬಯೋಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲ. ಇಲ್ಲಿ ಆಕ್ಸಿಜನ್ನೇ ಔಷಧಿ. ಮೂಗು ಚೊಕ್ಕಟ ಇಡುವುದು, ನಳಿಕೆಯಲ್ಲಾದರೂ ಹಾಲು ಹೋಗುವಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ. ಬ್ಯಾಕ್ಟೀರಿಯಾದ ನ್ಯುಮೋನಿಯಾ ಬೇರೆ, ಅದಕ್ಕೆ ಆಂಟಿಬಯೋಟಿಕ್ ಬೇಕೇ ಬೇಕು. ಅದರ ಒಂದು ಮುಖ್ಯ ಬಗೆಯನ್ನು ತಡೆಯುವ ಪಿಸಿವಿ ಲಸಿಕೆ 2021ರಿಂದ ದೇಶದ ಎಲ್ಲ ಕಡೆ ಸರ್ಕಾರಿ ಪಟ್ಟಿಯಲ್ಲಿದೆ. ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತನೇ ತಿಂಗಳಲ್ಲಿ, ದುಡ್ಡು ಇಲ್ಲದೆ ಹಾಕುತ್ತಾರೆ. ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿ.

ಇನ್ನು ಹೊಗೆ. ಮಂಡಕ್ಕಿ ಭಟ್ಟಿಯ ಹೊಗೆ, ಮೆಕ್ಕೆಜೋಳ ಒಕ್ಕುವಾಗಿನ ದೂಳು ನಮ್ಮೂರಿಗೆ ಹೊಸದಲ್ಲ. ಆದರೆ ಕದ ಮುಚ್ಚಿದ ಬಾಣಂತಿ ಕೋಣೆಯಲ್ಲಿ, ಎಣ್ಣೆ ನೀರು ಹಾಕಿದ ಕೂಸಿಗೆ ಸಾಂಬ್ರಾಣಿ ಹಿಡಿಯುತ್ತೀವಲ್ಲ, ಅದು ನೇರ ಎದೆಗೇ ಹೋಗುತ್ತದೆ. ಪ್ರೀತಿಯಿಂದ ಮಾಡುವ ಕೆಲಸವೇ, ಆದರೂ ದಯವಿಟ್ಟು ಬಿಡಿ. ಮೂಗಿಗೆ ಎಣ್ಣೆ ಬಿಡುವುದನ್ನೂ ಬಿಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಬೇರೆಯದೇ ನ್ಯುಮೋನಿಯಾ ಆಗುತ್ತದೆ. ಬರೆ ಹಾಕಿಸಿಕೊಂಡು ಬಂದ ಕೂಸಿಗೆ ಉಸಿರಿನ ಜೊತೆ ಗಾಯದ ನೋವನ್ನೂ ನಾವು ನೋಡಬೇಕಾಗುತ್ತದೆ.

ಅಜ್ಜಿಯ ಮೊಮ್ಮಗ ಆರನೇ ದಿನ ಮನೆಗೆ ಹೋದ. ಕೆಮ್ಮು ಇನ್ನೂ ಎರಡು ವಾರ ಇರಬಹುದು, ಹೆದರಬೇಡಿ ಅಂತ ಹೇಳಿ ಕಳಿಸಿದೆ. ಇನ್ನೊಂದು ಮಾತನ್ನೂ ಹೇಳಿದೆ, ನಿಮಗೂ ಹೇಳುತ್ತೇನೆ. ಏದುಸಿರು ಬಿಡುವ ಕೂಸನ್ನು ಬೈಕಿನಲ್ಲಿ ತರಬೇಡಿ, 108ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಬಲವಂತವಾಗಿ ಹಾಲು ಕುಡಿಸಬೇಡಿ. ಬೆಚ್ಚಗೆ ಸುತ್ತಿಕೊಳ್ಳಿ, ಆದರೆ ಮುಖ ಮುಚ್ಚಬೇಡಿ. ತುಟಿಯ ಬಣ್ಣ ನಿಮಗೆ ಕಾಣುತ್ತಿರಬೇಕು.