ಹೆನ್ರಿ ರೈಫಲ್: ಹೆಸರುಗಳ ಗೋಜಲಿನೊಳಗೆ ಒಂದು ಅಪರೂಪದ ಬಂದೂಕು

ಹಳೇ ಬಂದೂಕುಗಳ ಬಗ್ಗೆ ಆಸಕ್ತಿ ಇರುವವರು ಇವತ್ತು ‘ಹೆನ್ರಿ ರೈಫಲ್’ ಎಂದು ಹುಡುಕಲು ಹೊರಟರೆ ಗೊಂದಲಕ್ಕೆ ಬೀಳುವುದು ಖಂಡಿತ. ಹೆನ್ರಿ ಎಂಬ ಹೆಸರಿನ ಕಂಪನಿಯೊಂದು ಅಮೆರಿಕದಲ್ಲಿ ಈಗಲೂ ಲಿವರ್ ರೈಫಲ್, ಅಂದರೆ ಕೆಳಗಿನ ಹಿಡಿ ಎಳೆದು ತೋಟಾ ಏರಿಸುವ ರೈಫಲ್, ಮಾಡುತ್ತಿದೆ. ಆದರೆ ಅದು ಹುಟ್ಟಿದ್ದು 1990ರ ದಶಕದಲ್ಲಿ, ಮೂಲ ಹೆನ್ರಿ 1860ರ ದಶಕದ್ದು. ಇಟಲಿಯ ಉಬರ್ತಿ ಕಂಪನಿ ಹಳೇ ಹೆನ್ರಿಯ ಪ್ರತಿಕೃತಿಗಳನ್ನು ದಶಕಗಳಿಂದ ಮಾರುತ್ತಿದೆ. ಕೆಲವರು ‘ವಿಂಚೆಸ್ಟರ್ ಹೆನ್ರಿ’ ಎನ್ನುತ್ತಾರೆ, ಆದರೆ ಮೂಲ ಹೆನ್ರಿಯ ನಳಿಗೆಯ ಮೇಲೆ ವಿಂಚೆಸ್ಟರ್ ಎಂಬ ಹೆಸರೇ ಇಲ್ಲ. ಇನ್ನು ಕೆಲವರು, ಇದಕ್ಕೆಲ್ಲ ಮೂಲ ಸ್ಮಿತ್ ಮತ್ತು ವೆಸನ್ ಎಂದು ವಾದಿಸುತ್ತಾರೆ. ಎಲ್ಲರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಅದಕ್ಕೇ ಈ ಗಂಟು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ.

ಈ ಸಾಲಿನಲ್ಲಿ ತೀರಾ ಅಪರೂಪದ್ದು ಕಬ್ಬಿಣದ ಫ್ರೇಮಿನ (ಒಳಗಿನ ಯಂತ್ರ ಕೂರುವ ನಡುಭಾಗದ) ಹೆನ್ರಿ. 1862ರಿಂದ 1866ರವರೆಗೆ ಒಟ್ಟು ಸುಮಾರು 14,000 ಹೆನ್ರಿ ರೈಫಲ್‌ಗಳು ತಯಾರಾದವು. ಅದರಲ್ಲಿ ಶುರುವಿನ ಕೆಲವು ನೂರಕ್ಕೆ ಮಾತ್ರ ಕಬ್ಬಿಣದ ಫ್ರೇಮ್. ಉಳಿದದ್ದಕ್ಕೆಲ್ಲ ಹಳದಿ ಲೋಹದ ಫ್ರೇಮ್. ಎಲ್ಲರೂ ಅದನ್ನು ಹಿತ್ತಾಳೆ ಎಂದೇ ಕರೆಯುತ್ತಾರೆ, ನಿಜವಾಗಿ ಅದು ಕಂಚಿನ ಜಾತಿಯ ಗನ್‌ಮೆಟಲ್. ಎರಕ ಹೊಯ್ಯಲು, ಅರದಿಂದ ಉಜ್ಜಿ ಆಕಾರಕ್ಕೆ ತರಲು ಅದು ಕಬ್ಬಿಣಕ್ಕಿಂತ ಸುಲಭ.

ಈ ಬಂದೂಕನ್ನು ಮೊದಲ ಸಲ ನೋಡಿದವರಿಗೆ ಏನೋ ಕಮ್ಮಿ ಇದೆ ಅನಿಸುತ್ತದೆ. ನಳಿಗೆಯ ಕೆಳಗೆ ಕೈ ಹಿಡಿಯಲು ಮರವೇ ಇಲ್ಲ. 24 ಇಂಚಿನ ಎಂಟು ಮೂಲೆಯ ನಳಿಗೆ, ಅದರ ಹೊಟ್ಟೆಗೆ ಅಂಟಿದಂತೆ ತೋಟಾ ತುಂಬುವ ಕೊಳವೆ. ಅಂಟಿದಂತೆ ಎಂದೆ, ಆದರೆ ಅಂಟಿಸಿದ್ದಲ್ಲ. ನಳಿಗೆ, ಕೊಳವೆ ಎರಡನ್ನೂ ಒಂದೇ ಲೋಹದ ತುಂಡಿನಿಂದ ಕೊರೆದು ತೆಗೆದಿದ್ದಾರೆ. ಆ ಕಾಲದ ಯಂತ್ರಗಳಲ್ಲಿ ಇದನ್ನು ಮಾಡಿದವರ ತಾಳ್ಮೆ ಎಂಥದ್ದಿರಬೇಕು! ನನ್ನ ಪ್ರಕಾರ ಹೆನ್ರಿಯ ನಿಜವಾದ ಸೌಂದರ್ಯ ಇರುವುದು ಇಲ್ಲೇ, ಶ್ರೀಮಂತರಿಗಾಗಿ ಮಾಡಿಸಿದ ಕೆತ್ತನೆಗಳಲ್ಲಲ್ಲ.

ಲಿವರ್ ರೈಫಲ್‌ನ ಕತೆ ಶುರುವಾಗುವುದು ನ್ಯೂಯಾರ್ಕಿನ ವಾಲ್ಟರ್ ಹಂಟ್‌ನಿಂದ. ನಾವು ಇವತ್ತಿಗೂ ಬಳಸುವ ಸೇಫ್ಟಿ ಪಿನ್ನಿಗೆ 1849ರಲ್ಲಿ ಪೇಟೆಂಟ್ ಪಡೆದವನು ಈತನೇ. ಅದಕ್ಕೆ ಒಂದು ವರ್ಷ ಮೊದಲು ಹಂಟ್ ‘ರಾಕೆಟ್ ಬಾಲ್’ ಎಂಬ ಹೊಸ ಗುಂಡಿಗೆ ಪೇಟೆಂಟ್ ಮಾಡಿಸಿದ್ದ. ಗುಂಡಿನ ಹಿಂಭಾಗವನ್ನೇ ಟೊಳ್ಳು ಮಾಡಿ ಅದರೊಳಗೆ ಮದ್ದು ತುಂಬುವ ಉಪಾಯ ಅದು. ಮದ್ದು ಬೇರೆ, ಗುಂಡು ಬೇರೆ ಎಂಬ ರಗಳೆ ಇಲ್ಲ. ಆ ಗುಂಡುಗಳನ್ನು ಕೊಳವೆಯಲ್ಲಿ ಸಾಲಾಗಿ ಇಟ್ಟು ಒಂದಾದ ಮೇಲೊಂದು ಹಾರಿಸುವ ರೈಫಲ್ಲನ್ನೂ ರೂಪಿಸಿದ. ಕಲ್ಪನೆ ದೊಡ್ಡದಿತ್ತು, ಆದರೆ ರೈಫಲ್ ಬಳಕೆಗೆ ಬರುವಷ್ಟು ಗಟ್ಟಿಯಾಗಿರಲಿಲ್ಲ. ಹಂಟ್ ಹಕ್ಕುಗಳನ್ನು ಮಾರಿದ. ಲೂಯಿಸ್ ಜೆನಿಂಗ್ಸ್ ಎಂಬಾತ ಅದನ್ನು ಸರಳ ಮಾಡಿದ. ವರ್ಮಾಂಟಿನ ವಿಂಡ್ಸರ್‌ನ ರಾಬಿನ್ಸ್ ಆಂಡ್ ಲಾರೆನ್ಸ್ ಕಾರ್ಖಾನೆಯಲ್ಲಿ ಅವು ತಯಾರಾದವು, ಓಡಲಿಲ್ಲ. ಹೊರೇಸ್ ಸ್ಮಿತ್ ಬಂದ, ಜೊತೆಗೆ ಡೇನಿಯಲ್ ವೆಸನ್. 1854ರಲ್ಲಿ ಅವರದ್ದೊಂದು ಪೇಟೆಂಟ್, 1855ರಲ್ಲಿ ವೊಲ್ಕ್ಯಾನಿಕ್ ಎಂಬ ಕಂಪನಿ, 1857ರಲ್ಲಿ ದಿವಾಳಿ. ಹತ್ತು ವರ್ಷದಲ್ಲಿ ಇಷ್ಟು ಕೈ ಬದಲಾಯಿತು.

ಎಲ್ಲರೂ ಸೋತಿದ್ದು ಒಂದೇ ಕಡೆ. ಗುಂಡಿನ ಹೊಟ್ಟೆಯೊಳಗೆ ಹಿಡಿಸುವ ಮದ್ದು ಎಷ್ಟು? ತೀರಾ ಕಡಿಮೆ. ಹಾಗಾಗಿ ಹೊಡೆತದಲ್ಲಿ ಬಲ ಇರುತ್ತಿರಲಿಲ್ಲ. ಸಾಲದ್ದಕ್ಕೆ ಸಿಡಿದಾಗ ಬಿಸಿ ಅನಿಲ ಹಿಂದಕ್ಕೂ ಸೋರುತ್ತಿತ್ತು. ಯಂತ್ರ ಎಷ್ಟೇ ಚೆನ್ನಾಗಿದ್ದರೂ ತೋಟಾ ಸರಿ ಇಲ್ಲದಿದ್ದರೆ ಏನು ಪ್ರಯೋಜನ, ಅಲ್ವಾ?

ವೊಲ್ಕ್ಯಾನಿಕ್‌ನಲ್ಲಿ ಹಣ ಹಾಕಿದ್ದವರಲ್ಲಿ ಕನೆಕ್ಟಿಕಟ್‌ನ ನ್ಯೂಹೇವನ್‌ನ ಆಲಿವರ್ ವಿಂಚೆಸ್ಟರ್ ಒಬ್ಬ. ಬಂದೂಕಿನವನಲ್ಲ, ಅಂಗಿ ಹೊಲಿಸಿ ಮಾರುವ ದೊಡ್ಡ ವ್ಯಾಪಾರಿ. ಕಂಪನಿ ಮುಳುಗಿದಾಗ ಉಳಿದದ್ದನ್ನು ತೆಗೆದುಕೊಂಡು 1857ರಲ್ಲಿ ನ್ಯೂಹೇವನ್ ಆರ್ಮ್ಸ್ ಕಂಪನಿ ಎಂದು ಹೊಸದಾಗಿ ಕಟ್ಟಿದ. ಸ್ಮಿತ್, ವೆಸನ್ ಅಷ್ಟರಲ್ಲಿ ರಿವಾಲ್ವರ್ ಮಾಡಲು ಬೇರೆ ಹೋಗಿದ್ದರು. ಕಾರ್ಖಾನೆಯ ಕೆಲಸ ನೋಡಿಕೊಳ್ಳಲು ಬಂದವನು ಬೆಂಜಮಿನ್ ಟೈಲರ್ ಹೆನ್ರಿ.

ಹೆನ್ರಿ 1821ರಲ್ಲಿ ನ್ಯೂಹ್ಯಾಂಪ್‌ಶೈರ್‌ನಲ್ಲಿ ಹುಟ್ಟಿದವನು. ರಾಬಿನ್ಸ್ ಆಂಡ್ ಲಾರೆನ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ. ಅಂದರೆ ಸೋತ ಜೆನಿಂಗ್ಸ್ ರೈಫಲ್ ತಯಾರಾದ ಜಾಗ ಅವನಿಗೆ ಹೊಸದಲ್ಲ. ಈ ಬಂದೂಕಿನ ರೋಗ ಎಲ್ಲಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಿಲ್ಲ. ಸ್ಮಿತ್ ಮತ್ತು ವೆಸನ್ ತಮ್ಮ ಸಣ್ಣ .22 ರಿವಾಲ್ವರ್‌ಗೆ ತಾಮ್ರದ ಖೋಲಿನ, ಅಂಚಿನಲ್ಲಿ ಕಿಡಿಮದ್ದು ಇರುವ ತೋಟಾ ಬಳಸಿದ್ದರು. ಹೆನ್ರಿ ಅದೇ ದಾರಿಯಲ್ಲಿ .44 ಅಳತೆಯ ದೊಡ್ಡ ತೋಟಾ ಮಾಡಿದ. ಸಿಡಿದ ಕೂಡಲೇ ತಾಮ್ರದ ಖೋಲು ಹಿಗ್ಗಿ, ತೋಟಾ ಕೂರುವ ಕೋಣೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಅನಿಲ ಹಿಂದೆ ಬರಲು ದಾರಿಯೇ ಇಲ್ಲ. ಹತ್ತು ವರ್ಷ ಎಲ್ಲರನ್ನೂ ಕಾಡಿದ ಸಮಸ್ಯೆ ಅಲ್ಲಿಗೆ ಮುಗಿಯಿತು.

ತೋಟಾ ಬದಲಾದ ಮೇಲೆ ಯಂತ್ರವೂ ಬದಲಾಗಬೇಕು. ರಾಕೆಟ್ ಬಾಲ್ ಸಿಡಿದರೆ ಹಿಂದೆ ಏನೂ ಉಳಿಯುತ್ತಿರಲಿಲ್ಲ. ಇಲ್ಲಿ ಖಾಲಿ ಖೋಲು ಉಳಿಯುತ್ತದೆ, ಅದನ್ನು ಹೊರಗೆ ಎಳೆದು ಹಾಕಬೇಕು. ಹೆನ್ರಿಯ ರೈಫಲ್‌ನಲ್ಲಿ ಲಿವರ್ ಕೆಳಗೆ ಒತ್ತಿದರೆ ಒಳಗಿನ ಎರಡು ಕೊಂಡಿಗಳು ಮೊಣಕಾಲಿನಂತೆ ಮಡಚಿಕೊಳ್ಳುತ್ತವೆ. ಕೋಣೆಯ ಹಿಂಬದಿ ಮುಚ್ಚುವ ಬೋಲ್ಟ್ ಹಿಂದೆ ಸರಿಯುತ್ತದೆ, ಖಾಲಿ ಖೋಲನ್ನು ಎಳೆದು ತರುತ್ತದೆ, ಬಡಿದು ಸಿಡಿಸುವ ಕುದುರೆಯನ್ನೂ ಎತ್ತಿ ನಿಲ್ಲಿಸುತ್ತದೆ. ಹೊಸ ತೋಟಾ ಹೊತ್ತ ಚೌಕದ ತುಂಡು ಮೇಲೇಳುತ್ತದೆ. ಲಿವರ್ ಮೇಲೆ ತಂದರೆ ತೋಟಾ ಒಳಗೆ, ಕೊಂಡಿಗಳು ನೆಟ್ಟಗೆ, ಬಂದೂಕು ಸಿದ್ಧ. ತೋಟಾದ ಅಂಚಿಗೆ ಒಂದೇ ಕಡೆ ಬಡಿದರೆ ಕೆಲವೊಮ್ಮೆ ಸಿಡಿಯುವುದಿಲ್ಲ ಎಂದು ಎರಡು ಕಡೆ ಬಡಿಯುವ ಮೊನೆ ಇಟ್ಟಿದ್ದಾನೆ. ಇದು ಕಾಗದದ ಮೇಲೆ ಲೆಕ್ಕ ಹಾಕಿ ಹೊಳೆಯುವಂಥದ್ದಲ್ಲ. ಬೆಂಚಿನ ಮುಂದೆ ನಿಂತು, ಸಿಡಿಯದ ತೋಟಾಗಳನ್ನು ಕೈಯಲ್ಲಿ ಹಿಡಿದು ನೋಡಿದವನಿಗೆ ಹೊಳೆಯುವಂಥದ್ದು.

1860ರ ಅಕ್ಟೋಬರ್ 16ರಂದು ಪೇಟೆಂಟ್ ಸಿಕ್ಕಿತು. ಪೇಟೆಂಟ್ ಹೆನ್ರಿಯ ಹೆಸರಿನಲ್ಲಿ, ಹಕ್ಕು ವಿಂಚೆಸ್ಟರ್‌ಗೆ. ಆ ಕಾಲದ ನ್ಯೂ ಇಂಗ್ಲೆಂಡ್ ಬಂದೂಕು ಕಾರ್ಖಾನೆಗಳಲ್ಲಿ ಒಳಗುತ್ತಿಗೆ ಪದ್ಧತಿ ಇತ್ತು. ಜಾಗ, ಯಂತ್ರ, ಕಚ್ಚಾ ಮಾಲು ಕಂಪನಿಯದ್ದು. ಕೆಲಸಗಾರರನ್ನು ಇಟ್ಟುಕೊಂಡು ಮಾಡಿಸುವುದು ಗುತ್ತಿಗೆದಾರನ ಜವಾಬ್ದಾರಿ, ತಯಾರಾದ ಮಾಲಿನ ಲೆಕ್ಕದಲ್ಲಿ ಅವನಿಗೆ ಹಣ. ಹೆನ್ರಿಯೂ ಹಾಗೆಯೇ ರೈಫಲ್ ಮಾಡಿಕೊಟ್ಟ. ಕಾನೂನಿನ ಪ್ರಕಾರ ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೂ ಕಂಡುಹಿಡಿದವನ ಪಾಲು ಇಷ್ಟೇನಾ ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

ರೈಫಲ್ ಮಾರುಕಟ್ಟೆಗೆ ಬಂದಾಗ ಅಮೆರಿಕದ ಅಂತರ್ಯುದ್ಧ ಜೋರಾಗಿತ್ತು. ಬಹುಪಾಲು ಸೈನಿಕರ ಕೈಯಲ್ಲಿದ್ದದ್ದು ನಳಿಗೆಯ ಬಾಯಿಂದ ಮದ್ದು ತುಂಬಿ, ಗಜದಿಂದ ಜಡಿದು, ಕೇಪು ಹಾಕಿ ಹಾರಿಸುವ ಕೋವಿ. ನಿಮಿಷಕ್ಕೆ ಎರಡೋ ಮೂರೋ ಗುಂಡು. ಹೆನ್ರಿಯ ಕೊಳವೆಯಲ್ಲಿ 15, ಕೋಣೆಯಲ್ಲಿ ಒಂದು, ಒಟ್ಟು 16. ‘ಭಾನುವಾರ ತುಂಬಿಸಿ ವಾರವಿಡೀ ಹಾರಿಸುವ ಬಂದೂಕು’ ಎಂಬ ಮಾತು ಅದಕ್ಕೆ ಅಂಟಿಕೊಂಡಿತು. ಅಧ್ಯಕ್ಷ ಲಿಂಕನ್‌ಗೆ ಕೆತ್ತನೆ ಮಾಡಿ ಚಿನ್ನದ ಲೇಪ ಕೊಟ್ಟ 6ನೇ ನಂಬರಿನ ಹೆನ್ರಿಯನ್ನು ಉಡುಗೊರೆ ಕೊಟ್ಟರು. ಅದು ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ಇಷ್ಟಾದರೂ ಸರ್ಕಾರ ಕೊಂಡದ್ದು 1,731 ಮಾತ್ರ. ಶಸ್ತ್ರಾಸ್ತ್ರ ಇಲಾಖೆಯ ಹಿಂಜರಿಕೆಯಲ್ಲಿ ಹುರುಳು ಇರಲಿಲ್ಲ ಎನ್ನಲಾಗದು. ತೋಟಾ ಪೂರೈಕೆ ಕಷ್ಟ, ಸೈನಿಕರು ಗುಂಡು ವ್ಯರ್ಥ ಮಾಡುತ್ತಾರೆ ಎಂಬ ಭಯ, ದೂರದ ಗುರಿಗೆ ಹೆನ್ರಿಯ ಬಲ ಸಾಲದು. ಕೊಳವೆಯ ಕೆಳಗೆ ಉದ್ದಕ್ಕೂ ಸೀಳು ಇದ್ದುದರಿಂದ ಮಣ್ಣು, ಕೆಸರು ಒಳಗೆ ಹೋಗುತ್ತಿತ್ತು. ಮರ ಇಲ್ಲದ ನಳಿಗೆ ಕಾದು ಕೈ ಸುಡುತ್ತಿತ್ತು. ತೋಟಾಗಳನ್ನು ತಳ್ಳುವ ಗುಬುಟು ಆ ಸೀಳಿನಲ್ಲೇ ಹಿಂದಕ್ಕೆ ಬಂದು ಕೈಗೆ ತಾಗಿ ನಿಲ್ಲುತ್ತಿತ್ತು.

ಆದರೆ ಪ್ರಾಣ ಪಣಕ್ಕಿಟ್ಟವರು ಬೇರೆ ಲೆಕ್ಕ ಹಾಕಿದರು. ಸಾಮಾನ್ಯ ಸೈನಿಕನ ಸಂಬಳ ತಿಂಗಳಿಗೆ 13 ಡಾಲರ್. ಹೆನ್ರಿಯ ಬೆಲೆ ಹತ್ತಿರ ಹತ್ತಿರ 40 ಡಾಲರ್. ಮೂರು ತಿಂಗಳ ದುಡಿಮೆ! ಇಲಿನಾಯ್‌ನ 66ನೇ ರೆಜಿಮೆಂಟಿನ ಅನೇಕರು ಸ್ವಂತ ದುಡ್ಡಿನಲ್ಲೇ ಕೊಂಡರು. 7ನೇ ಇಲಿನಾಯ್ ರೆಜಿಮೆಂಟಿನವರೂ ಕೊಂಡರು. 1864ರ ಅಕ್ಟೋಬರ್ 5ರಂದು ಜಾರ್ಜಿಯಾದ ಅಲಟೂನಾ ಕಣಿವೆಯಲ್ಲಿ ಹೆಚ್ಚು ಸಂಖ್ಯೆಯ ಶತ್ರುಗಳ ಎದುರು ಅವರು ನಿಂತದ್ದು ಈ ರೈಫಲ್‌ಗಳನ್ನು ಹಿಡಿದೇ. ಹೆನ್ರಿಗೆ ಹೆಸರು ತಂದುಕೊಟ್ಟವರಲ್ಲಿ ಇವರ ಪಾಲು ಜಾಹೀರಾತುಗಳ ಪಾಲಿಗಿಂತ ದೊಡ್ಡದು ಎಂದೇ ನನಗೆ ಅನಿಸುತ್ತದೆ.

ಯುದ್ಧ ಮುಗಿದ ವರ್ಷ ಒಳಜಗಳ ಹೊರಗೆ ಬಂತು. ತನಗೆ ಸಿಕ್ಕಿದ್ದು ಸಾಲದು ಎಂದು ಹೆನ್ರಿ ಅಸಮಾಧಾನಗೊಂಡಿದ್ದ. ವಿಂಚೆಸ್ಟರ್ ಯುರೋಪಿನಲ್ಲಿದ್ದಾಗ ವಿಷಯ ಕನೆಕ್ಟಿಕಟ್ ಶಾಸನಸಭೆಯ ತನಕ ಹೋಗಿ, 1865ರಲ್ಲಿ ಕಂಪನಿಗೆ ಹೆನ್ರಿ ರಿಪೀಟಿಂಗ್ ರೈಫಲ್ ಕಂಪನಿ ಎಂಬ ಹೆಸರು ಬಂತು. ಅದು ಬಹಳ ದಿನ ಉಳಿಯಲಿಲ್ಲ. 1866ರಲ್ಲಿ ವಿಂಚೆಸ್ಟರ್ ರಿಪೀಟಿಂಗ್ ಆರ್ಮ್ಸ್ ಕಂಪನಿ ಹುಟ್ಟಿತು, ಆಸ್ತಿ, ಹಕ್ಕು ಎಲ್ಲ ಅಲ್ಲಿಗೆ ಹೋಯಿತು. ಹೆನ್ರಿ ಹೊರಗೆ ಬಂದು ಸ್ವಂತವಾಗಿ ಬಂದೂಕು ರಿಪೇರಿ, ತಯಾರಿ ಮಾಡಿಕೊಂಡು ನ್ಯೂಹೇವನ್‌ನಲ್ಲೇ ಉಳಿದ. 1898ರಲ್ಲಿ ತೀರಿಕೊಂಡ. ವಿಂಚೆಸ್ಟರ್ ಕಂಪನಿ ತನ್ನ ರಿಮ್‌ಫೈರ್ (ಅಂಚಿನಲ್ಲಿ ಕಿಡಿಮದ್ದು ಇರುವ) ತೋಟಾಗಳ ತಳದಲ್ಲಿ ‘ಎಚ್’ ಅಕ್ಷರ ಒತ್ತಿದ್ದು ಅವನ ಗೌರವಕ್ಕಾಗಿ. ಅದೊಂದು ಒಳ್ಳೆಯ ಕೆಲಸ. ಆದರೆ ಜಗತ್ತು ನೆನಪಿಟ್ಟುಕೊಂಡಿದ್ದು ಮುಂದೆ ನಳಿಗೆಗಳ ಮೇಲೆ ಬಂದ ವಿಂಚೆಸ್ಟರ್ ಎಂಬ ಹೆಸರನ್ನು.

ಮುಂದಿನದು ಬೇಗ ಹೇಳಬಹುದು. ನೆಲ್ಸನ್ ಕಿಂಗ್ ಎಂಬ ಕಾರ್ಖಾನೆಯ ಮೇಲ್ವಿಚಾರಕ ಫ್ರೇಮಿನ ಬಲಬದಿಯಲ್ಲಿ ತೋಟಾ ತುಂಬುವ ಸಣ್ಣ ಬಾಗಿಲು ಇಟ್ಟ. ಕೊಳವೆಯ ಸೀಳು ಮುಚ್ಚಿತು, ಕೈ ಹಿಡಿಯಲು ಮರ ಬಂತು. ಅದೇ 1866ರ ಮಾದರಿ. ತುರ್ಕಿ ಸೈನ್ಯ ಅದನ್ನು ಸಾವಿರಗಟ್ಟಲೆ ಕೊಂಡಿತು, 1877ರಲ್ಲಿ ಪ್ಲೆವ್ನಾದಲ್ಲಿ ರಷ್ಯನ್ನರ ವಿರುದ್ಧ ಬಳಸಿತು. 1876ರಲ್ಲಿ ಅಮೆರಿಕದ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಒಂಟಿ ಗುಂಡಿನ ಸ್ಪ್ರಿಂಗ್‌ಫೀಲ್ಡ್ ಹಿಡಿದ ಸೇನಾಧಿಕಾರಿ ಕಸ್ಟರ್‌ನ ಸೈನಿಕರ ಎದುರು, ಅಲ್ಲಿನ ಮೂಲನಿವಾಸಿ ಲಕೋಟಾ, ಶಯಾನ್ ಯೋಧರ ಬಳಿ ಹೆನ್ರಿ ಮತ್ತು ವಿಂಚೆಸ್ಟರ್‌ಗಳಿದ್ದವು. 1980ರ ದಶಕದಲ್ಲಿ ಅಲ್ಲಿನ ಮಣ್ಣು ಶೋಧಿಸಿದ ಪುರಾತತ್ವಜ್ಞರಿಗೆ ಸಿಕ್ಕ ಖಾಲಿ ಖೋಲುಗಳು ಇದನ್ನು ಖಚಿತ ಮಾಡಿದವು. ವಿಂಚೆಸ್ಟರ್‌ನ 1873ರ ಮಾದರಿಯ ತಯಾರಿ ಏಳು ಲಕ್ಷ ದಾಟಿತು. ಆಮೇಲೆ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಬಂದು ಒಳಗಿನ ಯಂತ್ರವನ್ನೇ ಬದಲಾಯಿಸಿದ, ಮೊಣಕಾಲಿನ ಕೊಂಡಿಗಳ ಕಾಲ ಲಿವರ್ ರೈಫಲ್‌ನಲ್ಲಿ ಹಿಂದೆ ಸರಿಯಿತು. ಬೇಟೆಯ ಕತೆಗಳನ್ನು ಕನ್ನಡದಲ್ಲಿ ಓದಿ ಬೆಳೆದವರಿಗೆ ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಲ್ಲಿದ್ದ .405 ವಿಂಚೆಸ್ಟರ್ ನೆನಪಿರಬಹುದು. ಆ ತೋಟಾ ಬಂದದ್ದು ಬ್ರೌನಿಂಗ್‌ನ 1895ರ ಮಾದರಿಗೆ. ಹೆನ್ರಿಯ ಲಿವರ್ ಅದರಲ್ಲಿ ಉಂಟು, ಒಳಗಿನ ಯಂತ್ರ ಬೇರೆ.

ಈಗಿನ ಗೋಜಲು ಬೆಲೆಯದ್ದು. ಅಮೆರಿಕದ 1968ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕು ಪುರಾತನ ವಸ್ತು. ಹಾಗಾಗಿ ಮೂಲ ಹೆನ್ರಿಗಳೆಲ್ಲ ಆ ಗುಂಪಿಗೇ ಸೇರುತ್ತವೆ, ಅಲ್ಲಿ ಕೈ ಬದಲಾಗುವುದು ಸುಲಭ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಹಾಗಲ್ಲ. ಹಳೆಯದಾದರೆ ಸಾಲದು, ರಿಪೇರಿ ಮಾಡಿದರೂ ಹಾರದಂತಿದ್ದರೆ ಮಾತ್ರ ವಿನಾಯಿತಿ. ಅಮೆರಿಕದ ಮಾರುಕಟ್ಟೆಯಲ್ಲಿ ಹಳದಿ ಫ್ರೇಮಿಗಿಂತ ಕಬ್ಬಿಣದ ಫ್ರೇಮಿಗೆ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಆದಲ್ಲಿ ನಕಲಿಯೂ ಬರುತ್ತದೆ, ‘ಹೊಸದರಂತೆ’ ಮಾಡಿಕೊಡುವವರೂ ಬರುತ್ತಾರೆ.

1873ರ ಮಾದರಿಯಾದರೆ ವಯೋಮಿಂಗ್‌ನ ಕೋಡಿ ಪಟ್ಟಣದ ಬಂದೂಕು ಮ್ಯೂಸಿಯಂನಲ್ಲಿ ಕಾರ್ಖಾನೆಯ ಹಳೇ ಲೆಕ್ಕಪುಸ್ತಕಗಳಿವೆ, ನಂಬರ್ ಕೊಟ್ಟು ಕೇಳಬಹುದು. ಹೆನ್ರಿಗೆ ಆ ಅನುಕೂಲ ಇಲ್ಲ. ನಳಿಗೆಯ ಮೇಲಿನ ನಂಬರ್ ಮರದ ಒಳಗೆ ಹೊಡೆದ ನಂಬರ್‌ಗೆ ಹೊಂದುತ್ತದಾ, ಶುರುವಿನವುಗಳಂತೆ ಬಟ್ಟಿನ (ಹೆಗಲಿಗೆ ಒತ್ತುವ ಹಿಂಭಾಗದ) ಹಿಮ್ಮಡಿ ದುಂಡಗಿದೆಯಾ, ಲಿವರ್‌ಗೆ ಚಿಲಕ ಇಲ್ಲದ ಕಾಲದ್ದಾ, ಅರದ ಗೀರು ಹೇಗಿದೆ, ಸವೆದದ್ದು ಎಲ್ಲಿ ಎಂದು ನೋಡಿಯೇ ತೀರ್ಮಾನಿಸಬೇಕು. ಪಾಲಿಶ್ ಹಾಕಿದ ಮರುಗಳಿಗೆ ಇದರಲ್ಲಿ ಅರ್ಧ ಅಳಿಸಿಹೋಗುತ್ತದೆ. ಹೆನ್ರಿ ಮತ್ತು ಅವನ ಕೈಕೆಳಗೆ ದುಡಿದ ಹೆಸರಿಲ್ಲದ ಕೆಲಸಗಾರರು ಬಿಟ್ಟುಹೋದ ಗುರುತುಗಳೂ ಅದರಲ್ಲೇ ಸೇರಿವೆ.

2014ರಲ್ಲಿ ನೆವಾಡಾದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ ಜುನಿಪರ್ ಮರಕ್ಕೆ ಒರಗಿಸಿಟ್ಟಿದ್ದ 1873ರ ಮಾದರಿಯ ವಿಂಚೆಸ್ಟರ್ ಒಂದು ಸಿಕ್ಕಿತು. ಮರ ಬಿಳಿಚಿ ಬಿರುಕು ಬಿಟ್ಟಿತ್ತು, ಲೋಹ ತುಕ್ಕು ಹಿಡಿದಿತ್ತು. ಕಾರ್ಖಾನೆಯಿಂದ ಹೊರಟದ್ದು 1882ರಲ್ಲಿ ಎಂದು ಕೋಡಿಯ ದಾಖಲೆ ಹೇಳಿತು. ಬಟ್ಟಿನೊಳಗಿನ ಗೂಡಿನಲ್ಲಿ ಹಳೇ ತೋಟಾ ಒಂದು ಇತ್ತು. ತಜ್ಞರು ಅದನ್ನು ಹೊಳೆಯುವಂತೆ ಮಾಡಲು ಹೋಗಲಿಲ್ಲ, ಮರ ಇನ್ನಷ್ಟು ಉದುರದಂತೆ ಗಟ್ಟಿ ಮಾಡಿದರು ಅಷ್ಟೇ. ಹೆನ್ರಿಗಳನ್ನು ಇಟ್ಟುಕೊಂಡ ಖಾಸಗಿ ಸಂಗ್ರಾಹಕರಲ್ಲೂ ಈ ಪದ್ಧತಿ ಈಗೀಗ ಹೆಚ್ಚುತ್ತಿದೆ. ಹಿಂದೆ ಉಜ್ಜಿ ತೊಳೆದ ರೈಫಲ್‌ಗಳಿಗೆ, ಕಪ್ಪುಗಟ್ಟಿದ ಮೂಲ ಬಣ್ಣ ಉಳಿದವಕ್ಕಿಂತ ಕಡಿಮೆ ಬೆಲೆ ಸಿಗುತ್ತಿದೆ.