ನಿಂತ ಹಳೇ ಕಾರಿಗೆ ಮೊದಲು ಬ್ರೇಕ್, ಆಮೇಲೆ ಇಂಜಿನ್

2020ರ ಮಾರ್ಚ್ 25ರಂದು ದೇಶವೆಲ್ಲ ಲಾಕ್‌ಡೌನ್ ಆದಾಗ ನಮ್ಮ ಗ್ಯಾರೇಜಿನ ಶಟರ್ ಕೂಡ ಇಳಿಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳೂ ಮುಚ್ಚಿದವು. ಆದರೆ ಫೋನ್ ಬಿಡುವಿಲ್ಲದೆ ಬರುತ್ತಿತ್ತು. ಹಳೇ ಪದ್ಮಿನಿ, ಅಂಬಾಸಿಡರ್, ಕಾರ್ಬುರೇಟರ್ ಇರುವ ಮಾರುತಿ 800 ಇಟ್ಟುಕೊಂಡವರೆಲ್ಲ ಮನೆಯಲ್ಲೇ ಇದ್ದರು. ಟೈಮ್ ಸಿಕ್ಕಾಗ ನೋಡೋಣ ಎಂದು ವರ್ಷಗಟ್ಟಲೆ ಕವರ್ ಹೊದಿಸಿಟ್ಟ ಗಾಡಿಗಳು ಹೊರಗೆ ಬಂದವು. ಹೆಚ್ಚುಕಮ್ಮಿ ಎಲ್ಲರೂ ಕೇಳಿದ್ದು ಒಂದೇ: "ಇದನ್ನ ಸ್ಟಾರ್ಟ್ ಮಾಡೋದು ಹೇಗೆ?"

ನಾನು ಹೇಳಿದ್ದೂ ಒಂದೇ. ಸ್ಟಾರ್ಟ್ ಮಾಡುವುದು ಆಮೇಲೆ. ಮೊದಲು ಅದು ನಿಲ್ಲುತ್ತಾ ನೋಡಿ.

ಈ ಮಾತಿಗೆ ಕಾರಣ ಇದೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕುದಿಯುವುದು 205 ಡಿಗ್ರಿ ದಾಟಿದ ಮೇಲೆ. ತೇವ ಕುಡಿದ ಆಯಿಲ್ ಕುದಿಯುವ ಮಟ್ಟ 140 ಡಿಗ್ರಿ ಆಸುಪಾಸಿಗೆ ಇಳಿದುಬಿಡುತ್ತದೆ. ಆಯಿಲ್ ಕುದಿದರೆ ಬ್ರೇಕ್ ಹಿಡಿಯುವುದಿಲ್ಲ. ನಿಂತ ಗಾಡಿಯಲ್ಲಿ ಇದಕ್ಕಿಂತ ದೊಡ್ಡ ತೊಂದರೆ ತುಕ್ಕು. ಚಕ್ರದ ಬಳಿ ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಒಳಗೋಡೆಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಅದರೊಳಗೆ ಆಯಿಲ್ ತಡೆಯುವ ರಬ್ಬರ್ ಕಪ್ ಒಂದೇ ಜಾಗದಲ್ಲಿ ಕೂತಿರುವಾಗ ಸೋರಿಕೆ ಕಾಣುವುದಿಲ್ಲ. ಬ್ರೇಕ್ ತುಳಿದ ಕೂಡಲೇ ಕಪ್ ಆ ಗುಳಿಗಳ ಮೇಲೆ ಸರಿದು ಕಿತ್ತುಹೋಗುತ್ತದೆ. ಹಳೇ ಮಾಡೆಲ್‌ಗಳಲ್ಲಿ ಎಷ್ಟೋ ಗಾಡಿಗಳಿಗೆ ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಬ್ರೇಕ್ ಆಯಿಲ್ ಲೈನ್. ಒಂದು ಕಡೆ ಸೋರಿದರೆ ನಾಲ್ಕೂ ಕಡೆ ಬ್ರೇಕ್ ಹೋಯಿತು. ಆಗ ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ನಿಂತ ಗಾಡಿಯಲ್ಲಿ ಅದರ ಕೇಬಲ್ ಜಾಮ್ ಆಗಿರುವುದೇ ಜಾಸ್ತಿ.

ಹಾಗಾಗಿ ಚಕ್ರದ ಹಿಂದಿರುವ ಬ್ರೇಕ್ ಡ್ರಮ್‌ಗಳನ್ನೆಲ್ಲ ಬಿಚ್ಚಲೇಬೇಕು. ವೀಲ್ ಸಿಲಿಂಡರಿನ ತುದಿಯಲ್ಲಿರುವ ರಬ್ಬರ್ ಟೋಪಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನೋಡಿ. ಒಳಗೆ ಒಣಗಿದ್ದರೆ ಒಳ್ಳೆಯದು. ಪಸೆ ಇದ್ದರೆ ಆ ಸಿಲಿಂಡರ್ ಸೋರುತ್ತಿದೆ, ಕಿಟ್ (ಹೊಸ ರಬ್ಬರ್ ಕಪ್‌ಗಳ ಸೆಟ್) ಹಾಕದೆ ಗಾಡಿ ಕದಲಿಸಬೇಡಿ. ಒಳಗೋಡೆಯಲ್ಲಿ ಗುಳಿ ಇದ್ದರೆ ಕಿಟ್ ಕೂಡ ಸಾಲದು, ಸಿಲಿಂಡರನ್ನೇ ಬದಲಿಸಬೇಕು. ಕಪ್ ತೊಳೆಯಲು ಪೆಟ್ರೋಲ್, ಸೀಮೆಎಣ್ಣೆ ಮುಟ್ಟಲೇಬೇಡಿ. ಆ ರಬ್ಬರ್ ಅದರಲ್ಲಿ ಊದಿಕೊಂಡು ಸಿಲಿಂಡರಿನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹೊಸ ಬ್ರೇಕ್ ಆಯಿಲ್‌ನಲ್ಲೇ ತೊಳೆಯಬೇಕು.

ಗಾಡಿ ಎತ್ತುವ ವಿಷಯದಲ್ಲಿ ಮಾತ್ರ ನಾನು ಫೋನಿನಲ್ಲೇ ಗಟ್ಟಿಯಾಗಿ ಹೇಳುತ್ತಿದ್ದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬಾರದು. ಮನೆ ಕಟ್ಟಿ ಉಳಿದ ಹಾಲೋ ಬ್ಲಾಕ್ ಸುಲಭವಾಗಿ ಕೈಗೆ ಸಿಗುತ್ತದೆ, ಅದನ್ನು ಇಡಲೇಬಾರದು. ಒಂದು ಮೂಲೆಯಲ್ಲಿ ಭಾರ ಬಿದ್ದರೆ ಸೂಚನೆಯೇ ಕೊಡದೆ ಪುಡಿಯಾಗುತ್ತದೆ. ಎತ್ತಿದ ಕಾರಿನ ಭಾರ ಹೊರುವ ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸ ಅವತ್ತಿಗೆ ಬೇಡ. ಸ್ಟ್ಯಾಂಡ್ ಇದ್ದರೂ ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಡಿ. ಆಸ್ಪತ್ರೆಯ ಬಾಗಿಲು ತಟ್ಟುವುದೇ ಕಷ್ಟವಾಗಿದ್ದ ದಿನಗಳವು. ಕೈಗೆ ಪೆಟ್ಟು ಮಾಡಿಕೊಂಡರೂ ಎಲ್ಲಿಗೆ ಹೋಗಬೇಕಿತ್ತು ಹೇಳಿ?

ಇನ್ನು ಬ್ಯಾಟರಿ. ದಿನಾ ಬೆಳಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತೇವೆ ಎಂದು ತುಂಬಾ ಜನ ಹೇಳುತ್ತಿದ್ದರು. ಪ್ರೀತಿಯಿಂದಲೇ ಮಾಡುವ ಕೆಲಸ, ಆದರೆ ಗಾಡಿಗೆ ಕೆಡುಕು. ಸೆಲ್ಫ್ ಹೊಡೆದಾಗ ನೂರಕ್ಕೂ ಜಾಸ್ತಿ ಆಂಪಿಯರ್ ಕರೆಂಟ್ ಹೋಗುತ್ತದೆ. ಡೈನಮೋ ಇರುವ ಹಳೇ ಗಾಡಿ ಐಡ್ಲಿಂಗ್‌ನಲ್ಲಿ ಹೇಳಿಕೊಳ್ಳುವಷ್ಟು ಚಾರ್ಜ್ ಮಾಡುವುದೇ ಇಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಅದನ್ನೇ ಹೇಳುತ್ತಿರುತ್ತದೆ. ಹೀಗೆ ದಿನಾ ತೆಗೆಯುವುದೇ ಹೊರತು ತುಂಬುವುದಿಲ್ಲ. ಇಂಜಿನ್ ಪೂರ್ತಿ ಬಿಸಿಯಾಗದ ಕಾರಣ ಸೈಲೆನ್ಸರಿನಲ್ಲಿ ನೀರು ನಿಂತು ಒಳಗಿಂದ ತುಕ್ಕು ಹಿಡಿಯುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಹೀಗೆ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಜೀವಕ್ಕೇ ಅಪಾಯ. ಅದಕ್ಕೆ ವಾಸನೆಯೂ ಇಲ್ಲ. ಓಡಿಸಲು ಆಗದಿದ್ದರೆ ಅರ್ಥ್ ಟರ್ಮಿನಲ್ ಬಿಚ್ಚಿಡಿ. ಸಣ್ಣ ಚಾರ್ಜರಿನಲ್ಲಿ ಆಗಾಗ ಚಾರ್ಜ್ ಮಾಡಿ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12.4ಕ್ಕಿಂತ ಕೆಳಗೆ ಬಿಡಬೇಡಿ.

ಬ್ರೇಕ್ ಕೆಲಸ ಮುಗಿದ ಮೇಲೆ ಇಂಜಿನ್. ಜಯನಗರದ ಒಬ್ಬ ನಿವೃತ್ತ ಮೇಷ್ಟ್ರ ಅಂಬಾಸಿಡರನ್ನು ವಿಡಿಯೋ ಕಾಲ್‌ನಲ್ಲೇ ಎಬ್ಬಿಸಿದೆವು. ಕೈ ಮಸಿ ಮಾಡಿಕೊಂಡವಳು ಅವರ ಮಗಳು. ಮೇಷ್ಟ್ರು ಫೋನ್ ಹಿಡಿದಿದ್ದರು. "ಅಂಕಲ್, ಸೆಲ್ಫ್ ಹೊಡೀಲಾ?" ಎಂದಳು. "ಬೇಡಮ್ಮ, ನಾಲ್ಕೂ ಪ್ಲಗ್ ಬಿಚ್ಚು, ಪ್ರತಿ ತೂತಿಗೂ ಒಂದು ಚಮಚ ಇಂಜಿನ್ ಆಯಿಲ್ ಬಿಡು. ರಾತ್ರಿಯೆಲ್ಲ ಹಾಗೇ ಇರಲಿ" ಎಂದೆ. ಮಾರನೇ ದಿನ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಡಿಕ್ಕಿಯಲ್ಲಿದ್ದ ಹ್ಯಾಂಡಲ್ ಹಾಕಿ ಇಂಜಿನ್ ತಿರುಗಿಸಿದಳು. ಬಿಗಿಯಾಗಿಯೇ ಇತ್ತು, ಆದರೆ ತಿರುಗಿತು. ಪಿಸ್ಟನ್ ರಿಂಗ್ ಅಂಟಿಕೊಂಡಿರುವಾಗ ಸೆಲ್ಫ್ ಜೋರು ಮಾಡಿದರೆ ರಿಂಗ್ ಮುರಿಯಬಹುದು. ಕೈಯಲ್ಲಿ ತಿರುಗಿಸಿದರೆ ಎಲ್ಲಿ ಹಿಡಿಯುತ್ತಿದೆ ಎಂದು ಗೊತ್ತಾಗುತ್ತದೆ.

ಆಮೇಲೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆಸಿದೆ. ಒಳಗೆ ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟಿನ ಮೇಲೆ ಬೂದು ಪದರ ಕಟ್ಟಿತ್ತು. ಕರೆಂಟ್ ದಾಟಲು ಅಷ್ಟೇ ಅಡ್ಡಿ ಸಾಕು. ನಯವಾದ ಎಮರಿ ಪೇಪರನ್ನು ಮಧ್ಯೆ ಇಟ್ಟು ಒಂದೆರಡು ಸಲ ಎಳೆಸಿದೆ. ಪುಡಿ ಉಳಿಯಬಾರದೆಂದು ಬಿಳಿ ಹಾಳೆಯ ಚೂರಿನಿಂದ ಒರೆಸಿದಳು. ನಡುವೆ ತಿರುಗುವ ಕ್ಯಾಮಿನ ಎತ್ತರದ ಮೂಲೆ ಪಾಯಿಂಟನ್ನು ಪೂರ್ತಿ ತೆರೆದಾಗ ಸಂದು 0.35ರಿಂದ 0.40 ಮಿಲಿಮೀಟರ್ ಇರಬೇಕು. ಅವರ ಮನೆಯಲ್ಲಿ ಸಂದು ಅಳೆಯುವ ಫೀಲರ್ ಗೇಜ್ ಎಲ್ಲಿಂದ ಬರಬೇಕು? ಸ್ವಲ್ಪ ದಪ್ಪನೆಯ ವಿಸಿಟಿಂಗ್ ಕಾರ್ಡ್ ಹತ್ತಿರ ಹತ್ತಿರ ಆ ಅಳತೆಗೆ ಬರುತ್ತದೆ. ಗಾಡಿ ಎಬ್ಬಿಸುವಷ್ಟಕ್ಕೆ ಸಾಕು, ಗ್ಯಾರೇಜ್ ತೆರೆದ ಮೇಲೆ ಸರಿಯಾಗಿ ಇಟ್ಟುಕೊಳ್ಳಬಹುದು.

ಪೆಟ್ರೋಲ್ ಕಡೆ ಬಂದರೆ ಮೊದಲು ಮೂಗು. ಹಳೇ ಪೆಟ್ರೋಲಿಗೆ ವಾರ್ನಿಷ್ ವಾಸನೆ ಬರುತ್ತದೆ. ಅದನ್ನು ಬಾಯಿ ಹಾಕಿ ಪೈಪಿನಲ್ಲಿ ಎಳೆಯಬೇಡಿ, ಟ್ಯಾಂಕಿನ ಕೆಳಗಿನ ಡ್ರೈನ್ ಪ್ಲಗ್ಗಿನಿಂದ ಇಳಿಸಿ. ಕಾರ್ಬುರೇಟರಿನ ಫ್ಲೋಟ್ ಬಟ್ಟಲಲ್ಲಿ ಅಂಟು ಕಟ್ಟಿರುತ್ತದೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟಿನೊಳಗೆ ತಂತಿ ತೂರಿಸುವ ಅಭ್ಯಾಸ ನಮ್ಮ ಕಡೆ ತುಂಬಾ ಇದೆ. ಜೆಟ್ ಹಿತ್ತಾಳೆಯದ್ದು, ಮೆತ್ತಗಿನ ಲೋಹ. ತಂತಿ ಆಡಿಸಿದರೆ ತೂತು ದೊಡ್ಡದಾಗಿ ಮೈಲೇಜ್ ಬಿದ್ದುಹೋಗುತ್ತದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ, ಬ್ರಷ್ಷಿನ ಒಂದು ನೈಲಾನ್ ಎಳೆ ಬಳಸಿ. ರಬ್ಬರ್ ಪೈಪುಗಳನ್ನು ಮಡಿಚಿ ಬಿರುಕು ಹುಡುಕಿ. ಬೆಂಗಳೂರಿನಲ್ಲೇ 2023ರ ಫೆಬ್ರವರಿಯಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾದ ಮೇಲೆ ಈ ಪರೀಕ್ಷೆ ಇನ್ನೂ ಮುಖ್ಯವಾಗಿದೆ. ಹಳೇ ಕಾಲದ ರಬ್ಬರ್ ಎಥನಾಲಿಗೆ ಮಾಡಿದ್ದಲ್ಲ.

ಬಾಡಿಯನ್ನೂ ಮರೆಯುವ ಹಾಗಿಲ್ಲ. ಲಾಕ್‌ಡೌನ್ ಶುರುವಾದದ್ದು ಹೊಂಗೆ ಹೂ ಬಿಡುವ ಕಾಲದಲ್ಲಿ. ನೆರಳಿಗೆಂದು ಹೊಂಗೆ ಮರದ ಕೆಳಗೆ ನಿಲ್ಲಿಸಿದ ಗಾಡಿಗಳ ವೈಪರ್ ಬುಡದ ಜಾಲರಿಯೊಳಗೆ ಹೂ ತುಂಬಿತು. ಮೇ ಮಳೆಯಲ್ಲಿ ಅದೇ ಕೊಳೆತು ನೀರು ಹೋಗುವ ದಾರಿ ಮುಚ್ಚಿತು. ಆ ನೀರು ಕಾಲಿಡುವ ಜಾಗಕ್ಕೆ ಇಳಿದು, ಮ್ಯಾಟ್ ಕೆಳಗೆ ಸದ್ದಿಲ್ಲದೆ ತಗಡು ತಿಂದಿತು. ಆ ವರ್ಷ ಗ್ಯಾರೇಜ್ ತೆರೆದ ಮೇಲೆ ಇಂಜಿನ್ ಕೆಲಸಕ್ಕಿಂತ ಫ್ಲೋರ್ ಟಿಂಕರಿಂಗ್ ಕೆಲಸವೇ ಜಾಸ್ತಿ ಬಂತು. ಮ್ಯಾಟ್ ಎತ್ತಿ ಕೈಯಿಟ್ಟು ನೋಡಿದ್ದರೆ ಸಾಕಿತ್ತು. ಬಾನೆಟ್ ಒಳಗೆ ಇಲಿ ವೈರ್ ಕಡಿದಿದೆಯಾ ಎಂದೂ ನೋಡಿ. ಹೊಗೆಸೊಪ್ಪು ಇಟ್ಟರೆ ಇಲಿ ಬರಲ್ಲ ಅನ್ನುತ್ತಾರೆ. ನನಗೆ ನಂಬಿಕೆ ಬಂದಿದ್ದು ವಾರಕ್ಕೊಮ್ಮೆ ಬಾನೆಟ್ ತೆರೆದಿಡುವುದರಲ್ಲಿ ಮಾತ್ರ.

ಪೇಪರ್ ಕೆಲಸದಲ್ಲಿ ಸರ್ಕಾರ ಕೈಹಿಡಿಯಿತು. ಫೆಬ್ರವರಿ 1ರ ನಂತರ ಅವಧಿ ಮುಗಿದ ಡಿಎಲ್, ಆರ್‌ಸಿ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಗಳನ್ನು ಮೊದಲು ಜೂನ್ 30ರವರೆಗೆ ಮಾನ್ಯ ಮಾಡಿದರು. ಆಮೇಲೆ ಅದನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿದರು.

ಎಲ್ಲ ಸರಿಯಾಯಿತು ಅನಿಸಿದರೂ ನೇರ ಮೇನ್ ರೋಡಿಗೆ ಹೋಗಬೇಡಿ. ಗೇಟಿನೊಳಗೇ ಹತ್ತಡಿ ಮುಂದೆ, ಹತ್ತಡಿ ಹಿಂದೆ ಓಡಿಸಿ ಬ್ರೇಕ್ ತುಳಿಯಿರಿ. ಪೆಡಲ್ ಒತ್ತಿಹಿಡಿದು ಮೂವತ್ತು ಎಣಿಸಿ. ಕಾಲು ನಿಧಾನವಾಗಿ ಕೆಳಗೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಅಥವಾ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಿಡಿಯುತ್ತಿಲ್ಲ. ಗಟ್ಟಿಯಾಗಿ ನಿಂತರೆ ಬೀದಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಬಂದ ಕೂಡಲೇ ನಾಲ್ಕೂ ಚಕ್ರದ ಹತ್ತಿರ ಕೈ ಒಡ್ಡಿ ನೋಡಿ. ಮೂರು ಉಗುರುಬೆಚ್ಚಗಿದ್ದು ಒಂದು ಸುಡುತ್ತಿದ್ದರೆ, ಅಲ್ಲಿ ಬ್ರೇಕ್ ಶೂ ಬಿಡುತ್ತಿಲ್ಲ. ಆ ಡ್ರಮ್ ಮತ್ತೆ ಬಿಚ್ಚಿ.