ಜೂಗೊ: ಬಂದೂಕಿನ ಬೆನ್ನ ಹಿಂದಿನ ಮನೆ

‘ಜೂಗೊ ಅನಿಮೆ ಅಂದರೆ ಯುದ್ಧ ಮುಗಿದ ಮೇಲಿನ ಜಪಾನಿನ ಕತೆ’ ಎಂಬ ವಿವರಣೆ ಈ ತಿಂಗಳು ಮೂರನೇ ಸಲ ಕಣ್ಣಿಗೆ ಬಿತ್ತು. ಅನಿಮೆ ಎಂದರೆ ಜಪಾನಿನ ಅನಿಮೇಷನ್ ಸಿನಿಮಾ, ಸರಿ. ಆದರೆ ಜೂಗೊ ಎಂದರೆ ಯುದ್ಧ ನಡೆಯುತ್ತಿರುವಾಗಲೇ ರಣರಂಗದ ಹಿಂದೆ, ಊರಲ್ಲಿ ಉಳಿದವರ ನೆಲೆ. ಯುದ್ಧ ಮುಗಿದ ಮೇಲಿನ ಕಾಲಕ್ಕೆ ಜಪಾನಿಯಲ್ಲಿ ಬೇರೆಯೇ ಪದವಿದೆ: ಸೆಂಗೊ. ಎರಡನ್ನೂ ಕಲಸಿಬಿಟ್ಟರೆ ಸಿನಿಮಾ ಕೈತಪ್ಪಿ ಹೋಗುತ್ತದೆ.

ಗೊಂದಲದ ಬೇರು ಕೊನೆಯ ‘ಗೊ’ದಲ್ಲಿದೆ. ಎರಡೂ ಪದಗಳಲ್ಲಿ ಅದು ಒಂದೇ ಲಿಪಿಚಿಹ್ನೆ. ಜಾಗಕ್ಕೆ ಹೇಳಿದರೆ ‘ಹಿಂದೆ’, ಕಾಲಕ್ಕೆ ಹೇಳಿದರೆ ‘ಆಮೇಲೆ’. ಕನ್ನಡದವರು ಜಾರುವುದು ಇಲ್ಲೇ. ನಮ್ಮ ‘ಹಿಂದೆ’ಯೂ ಜಾಗ, ಕಾಲ ಎರಡಕ್ಕೂ ಒದಗುತ್ತದೆ, ಆದರೆ ತಿರುಗುಮುರುಗಾಗಿ. ಮನೆಯ ಹಿಂದೆ ಹಿತ್ತಲು, ನೂರು ವರ್ಷದ ಹಿಂದೆ ಅಜ್ಜಂದಿರ ಕಾಲ. ನಮಗೆ ಕಳೆದದ್ದು ಹಿಂದೆ, ಬರುವುದು ಮುಂದೆ. ಜಪಾನಿಯ ‘ಗೊ’ಕ್ಕೆ ಬೆನ್ನ ಹಿಂದಿನ ಜಾಗವೂ ಸೇರಿದೆ, ಇನ್ನು ಬರಲಿರುವ ಕಾಲವೂ ಸೇರಿದೆ. ‘ಸೆನ್’ ಎಂದರೆ ಯುದ್ಧ. ಅದು ಮುಗಿಯುತ್ತದೆ, ಅದಕ್ಕೊಂದು ಆಮೇಲೆ ಉಂಟು. ‘ಜೂ’ ಎಂದರೆ ಬಂದೂಕು. ಬಂದೂಕಿಗೆಲ್ಲಿಯ ಆಮೇಲೆ? ಅದಕ್ಕಿರುವುದು ಹಿಂಬದಿ ಮಾತ್ರ. ಹಾಗಾಗಿ ಜೂಗೊ ಒಂದು ಜಾಗ: ಗುಂಡು ಹಾರಿಸುವವನ ಬೆನ್ನ ಹಿಂದಿರುವ ಮನೆ, ಅಡುಗೆಮನೆ, ಓಣಿ.

ರಷ್ಯಾ ಜೊತೆಗಿನ ಯುದ್ಧದಲ್ಲಿ ಗಾಯಗೊಂಡ ಸೇನಾಧಿಕಾರಿ ಸಕುರಾಯಿ ತದಾಯೋಶಿ 1913ರಲ್ಲಿ ತನ್ನ ಪುಸ್ತಕವೊಂದಕ್ಕೆ ಇದೇ ಹೆಸರಿಟ್ಟ. 1937ರಲ್ಲಿ ಚೀನಾದ ಮೇಲೆ ಪೂರ್ಣ ಯುದ್ಧ ಶುರುವಾದ ಮೇಲೆ ಅದು ಸರ್ಕಾರದ ಬಾಯಲ್ಲೇ ನಿಂತ ಮಾತಾಯಿತು. ‘ಜೂಗೊ ನೊ ಮಾಮೊರಿ’, ಅಂದರೆ ಬಂದೂಕಿನ ಹಿಂದಿನ ಕಾವಲು. ಸಾವಿರ ಹೆಂಗಸರಿಂದ ಒಂದೊಂದು ಹೊಲಿಗೆ ಹಾಕಿಸಿ ಸೈನಿಕನಿಗೆ ಕೊಡುವ ನಡುಪಟ್ಟಿ, 1940ರಲ್ಲಿ ಊರೂರಿಗೂ ಬಂದ ನೆರೆಮನೆಗಳ ಗುಂಪು ‘ತೊನಾರಿಗುಮಿ’, ಅದರ ಮೂಲಕ ಬರುವ ರೇಷನ್ನು, ಎಲ್ಲವೂ ಈ ಕಾವಲಿನ ಲೆಕ್ಕಕ್ಕೇ. 1941ರಲ್ಲಿ ವಾಯುರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು, ಬಾಂಬು ಬಿದ್ದರೆ ಜನ ಊರು ಬಿಟ್ಟು ಹೋಗದಂತೆ ತಡೆಯಲು, ನಿಂತು ಬೆಂಕಿ ಆರಿಸುವಂತೆ ಮಾಡಲು ಅಧಿಕಾರ ಪಡೆದರು. ಬಕೆಟ್ ಹಿಡಿದು ಸಾಲಾಗಿ ನಿಂತ ಹೆಂಗಸರನ್ನು ತೆರೆಯ ಮೇಲೆ ನೋಡುವಾಗ ಈ ಕಾಯ್ದೆ ನೆನಪಿರಲಿ.

ಆದ್ದರಿಂದಲೇ ‘ಯುದ್ಧದ ನಡುವೆಯೂ ನಿಲ್ಲದ ಸಾಮಾನ್ಯ ಬದುಕು’ ಎಂಬ ಹೊಗಳಿಕೆ ನನಗೆ ಸರಿಕಾಣುವುದಿಲ್ಲ. ಕತಾಬುಚಿ ಸುನಾವೊ ನಿರ್ದೇಶನದ, 2016ರ ‘ಇನ್ ದಿಸ್ ಕಾರ್ನರ್ ಆಫ್ ದಿ ವರ್ಲ್ಡ್’ ಬಗ್ಗೆ ಇದನ್ನೇ ಬರೆಯುತ್ತಾರೆ. ಅದರ ನಾಯಕಿ ಸುಜು ಹಿರೋಶಿಮಾದಿಂದ ಕುರೆಗೆ ಮದುವೆಯಾಗಿ ಬರುತ್ತಾಳೆ. ಕುರೆ ನೌಕಾಪಡೆಯ ಬಂದರು, ಯಮಾತೊ ಯುದ್ಧನೌಕೆ ಕಟ್ಟಿದ ಊರು. ಗಂಡ ನೌಕಾಪಡೆಯ ಸೇನಾ ನ್ಯಾಯಾಲಯದಲ್ಲಿ ಗುಮಾಸ್ತ, ಮಾವ ವಿಮಾನದ ಕಾರ್ಖಾನೆಯಲ್ಲಿ. ಆ ಮನೆಯ ಅನ್ನವೇ ಯುದ್ಧದ ಸಂಬಳದ್ದು. ಅಕ್ಕಿ ಸಾಲದೆ, ಹುರಿದು ನೀರಲ್ಲಿ ನೆನೆಸಿ ಉಬ್ಬಿಸಿ ಬೇಯಿಸುತ್ತಾಳಲ್ಲ, ಆ ದೃಶ್ಯಕ್ಕೆ ನಗುತ್ತೇವೆ, ನಗಬೇಕು ಕೂಡ. ಆದರೆ ಆ ಒಲೆಯೂ ಯುದ್ಧದ ಒಳಗೇ ಉರಿಯುತ್ತಿದೆ. 1988ರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಅನಿಮೆಯಲ್ಲಿ ಹುಡುಗ ಸೇತಾ ತಂಗಿಯನ್ನು ಕರೆದುಕೊಂಡು ಚಿಕ್ಕಮ್ಮನ ಮನೆ ಬಿಟ್ಟು ಹೊರಡುವುದನ್ನೂ ಹೀಗೆಯೇ ನೋಡಬೇಕು. ಬಂದೂಕಿನ ಹಿಂದಿನ ಸಾಲಿನಿಂದ ಹೊರಬಿದ್ದವನಿಗೆ ಅನ್ನದ ದಾರಿಯೂ ಮುಚ್ಚುತ್ತದೆ.

ಸುಜು ತಾನು ಎಲ್ಲಿ ನಿಂತಿದ್ದಳೆಂದು ತಿಳಿಯುವುದು 1945ರ ಆಗಸ್ಟ್ 15ರಂದು. ರೇಡಿಯೊದಲ್ಲಿ ಶರಣಾಗತಿ ಕೇಳಿ, ಬಲಗೈ ಕಳೆದುಕೊಂಡಿದ್ದ ಅವಳು ಸಮಾಧಾನಪಡುವುದಿಲ್ಲ, ಸಿಡಿದೇಳುತ್ತಾಳೆ. ಇನ್ನೂ ಎಡಗೈ ಇದೆ, ಎರಡು ಕಾಲಿವೆ, ಯಾಕೆ ಸೋಲಬೇಕು ಎನ್ನುತ್ತಾಳೆ. ಆಮೇಲೆ ಹೊಲದಲ್ಲಿ ಕುಸಿದು ಅಳುತ್ತಾ, ತನ್ನ ಮೈ ಕಡಲಾಚೆಯಿಂದ ಬಂದ ಅಕ್ಕಿ, ಸೋಯಾ ಕಾಳುಗಳಿಂದ ಆದದ್ದೆಂದು ಅವಳೇ ಹೇಳಿಕೊಳ್ಳುತ್ತಾಳೆ.